ಇನಾಸ ತಡವಾಗಿ ಬರಲಿ

ದೇವರ ಮುಂದೆ ಮಂಡಿಯೂರಿದರೆ ನಾನು ಸಂಕೋಚಪಡುವವನಲ್ಲ. ಹೊನ್ನಾವರದ ಕಚೇರಿಯಲ್ಲಿ ಕಾರಕೂನನಾದ್ದರಿಂದ ಅರ್ಜಿಯಲ್ಲಿ ಎಲ್ಲ ವಿವರವೂ ಇರಬೇಕೆಂಬುದು ರೂಢಿ. ಕುಮಟೆಗೆ ವರ್ಗ ಬೇಡ, ಹಲ್ಲುನೋವು ಭಾನುವಾರದ ಪೂಜೆ ಮುಗಿಯುವವರೆಗೆ ತಡೆಯಲಿ, ಮಳೆಗಾಲದಲ್ಲಿ ಪಿಟೀಲಿನ ತಂತಿ ಸಡಿಲಾಗದಿರಲಿ, ಇಷ್ಟೆಲ್ಲ ಕೇಳಿದ್ದೇನೆ. ದೇವರು ಇವನ್ನು ಕೇಳಿ ನಕ್ಕಿರಬಹುದು. ಆದರೆ ಒಂದನ್ನು ಕೇಳಿ ನಕ್ಕಿರಲಾರನು.

ನಮ್ಮ ಇಗರ್ಜಿಯಲ್ಲಿ ಪಿಟೀಲು ನುಡಿಸುವವರು ಇಬ್ಬರು, ಇನಾಸ ಮತ್ತು ನಾನು. ಇನಾಸ ದೋಣಿ ಕಟ್ಟುವ ಬಡಗಿ. ಬೆರಳುಗಳೆಲ್ಲ ಗಂಟುಗಂಟು. ಆದರೂ ಅವನು ಕಮಾನು ಎಳೆದರೆ ಕೊನೆಯ ಬೆಂಚಿನ ಮುದುಕಿಯರೂ ಜಪಸರ ನಿಲ್ಲಿಸಿ ತಲೆ ಎತ್ತುತ್ತಿದ್ದರು. ನಾನು ನುಡಿಸುವಾಗ ಅವರ ಜಪ ಸಾಂಗವಾಗಿ ಸಾಗುತ್ತಿತ್ತು.

ಯುದ್ಧದ ಕಾಲ. ದೋಣಿ ಕೆಲಸ ನಿಂತು ಇನಾಸ ಗೇರುಸೊಪ್ಪೆಯ ಕಾಡಿಗೆ ಮರದ ಕೆಲಸಕ್ಕೆ ಹೋದ. ದೇವಮಾತೆಯ ಹುಟ್ಟುಹಬ್ಬವಾದ ಮೋಂತಿ ಹಬ್ಬಕ್ಕೆ ಬಂದೇ ಬರುತ್ತೇನೆಂದು ಹೇಳಿದ್ದ. ಅವನು ಬಂದರೆ ಹಬ್ಬದ ಪೂಜೆಯಲ್ಲಿ ಮುಂದಿನ ಜಾಗ ಅವನದು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಿದ್ದರೆ ನಾನು ಅರ್ಪಿಸಿದ್ದು ಒಂದೇ ಬೇಡಿಕೆ: ಇನಾಸನಿಗೆ ಅಲ್ಲೇ ಇನ್ನೊಂದು ವಾರ ಕೆಲಸ ಸಿಗಲಿ. ಕೇಡು ಬಯಸಲಿಲ್ಲ ನೋಡಿ. ಅವನ ಸಂಸಾರಕ್ಕೂ ಅನುಕೂಲವೇ ಎಂದು ಮಾತೆಗೆ ತಿಳಿಸಿಯೂ ಇದ್ದೆ.

ಕೆಲಸ ಸಿಕ್ಕಿತು. ಹಬ್ಬದಲ್ಲಿ ನಾನು ನುಡಿಸಿದೆ, ಜನ ಹೊಗಳಿದರು. ಅದಾದ ಐದನೆಯ ದಿನ ಇನಾಸನನ್ನು ದೋಣಿಯಲ್ಲಿ ಮಲಗಿಸಿಕೊಂಡು ತಂದರು. ಕಾಡಿನ ಚಳಿಜ್ವರ. ಕ್ವಿನೈನಿಗೆ ಆಗ ಬಹಳ ತತ್ವಾರ. ಭಟ್ಕಳದ ಒಬ್ಬ ವ್ಯಾಪಾರಿಯ ಬಳಿ ಇದೆಯೆಂದು ತಿಳಿದು ಇನಾಸನ ಹೆಂಡತಿ ಮೋನಿಕಾ ತಾನೇ ಹೋಗಿ ತಂದಳು. ಜೀವ ಉಳಿಯಿತು. ಕಿವಿ ಹೋಯಿತು. ಜ್ವರದಿಂದಲೋ ಮದ್ದಿನಿಂದಲೋ ಡಾಕ್ಟರಿಗೂ ಹೇಳಲಾಗಲಿಲ್ಲ.

ನಾನು ಪಾದ್ರಿಗಳ ಬಳಿ ಹೋಗಿ, ನನ್ನ ಪ್ರಾರ್ಥನೆಯೇ ಅವನನ್ನು ಕಿವುಡನನ್ನಾಗಿ ಮಾಡಿತು ಎಂದು ಅತ್ತೆ. ಅವರು ಕೇಳಿಸಿಕೊಂಡು, "ನಿನ್ನ ಮಾತು ಕೇಳಿ ದೇವರು ಒಬ್ಬನಿಗೆ ಜ್ವರ ಕೊಟ್ಟ ಅಂತ ತಿಳಿದಿಯಾ? ಅದೂ ನಿನ್ನ ಜಂಬವೇ. ಒಂಬತ್ತು ದಿನ ಅವನ ಹೆಸರು ಹೇಳಿದೆಯಲ್ಲ, ಅವನು ಹೇಗಿದ್ದಾನೆ ಅಂತ ಒಂದು ದಿನ ಕೇಳಿದೆಯಾ?" ಎಂದರು. ಕೇಳಿರಲಿಲ್ಲ.

ಇನಾಸನ ಮನೆಗೆ ಹೋಗಲು ನನಗೆ ಮತ್ತೂ ಒಂದು ತಿಂಗಳು ಬೇಕಾಯಿತು. ಅವನು ಜಗಲಿಯಲ್ಲಿ ಕೂತು ಮಗಳಿಗೆ ಮಣೆ ಕೆತ್ತುತ್ತಿದ್ದ. ಮಗಳ ಪಾಟಿಯ ಮೇಲೆ ನಾನು ಮಾಡಿದ್ದನ್ನೆಲ್ಲ ಬರೆದು ತೋರಿಸಿದೆ. ಎರಡು ಸಲ ಒರೆಸಿ ಬರೆಯಬೇಕಾಯಿತು. ಅವನು ಓದಿ, ಉಳಿ ಎತ್ತಿಕೊಂಡು ಮತ್ತೆ ಮಣೆ ಕೆತ್ತತೊಡಗಿದ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ನಿನ್ನ ಕಿವಿಗಾಗಿ ದಿನವೂ ಬೇಡುತ್ತೇನೆ ಎಂದು ನಾನು ಮತ್ತೆ ಬರೆದಾಗ ತಲೆಯಾಡಿಸಿದ.

"ಕಿವಿಯದು ಬಿಡು ಮಾರಾಯ," ಎಂದ, ತನ್ನ ದನಿ ತನಗೆ ಕೇಳದವರ ದೊಡ್ಡ ದನಿಯಲ್ಲಿ. "ಈ ಹುಡುಗಿ ಶಾಲೆಯಿಂದ ಬಂದವಳೇ ಎಂತದೋ ಹೇಳ್ತಾ ಇರ್ತಾಳೆ. ನಾನು ಬಾಯಿ ನೋಡ್ತಾ ಕೂರ್ತೇನೆ. ಅಪ್ಪನಿಗೆ ಹೇಳಿ ಎಂತ ಪ್ರಯೋಜನ ಅಂತ ಅವಳಿಗೆ ಅನ್ನಿಸಬಾರದು. ಕೇಳುವುದಾದ್ರೆ ಅದನ್ನು ಕೇಳು."

ಆತು ಎಂದು ತಲೆಯಾಡಿಸಿ ಬಂದೆ.

ಅಂದಿನಿಂದ ಅದನ್ನೇ ಕೇಳುತ್ತಿದ್ದೇನೆ. ನನಗಾಗಿ ಕೇಳಲು ಈಗ ಏನೂ ನೆನಪಾಗುವುದಿಲ್ಲ ಎಂದರೆ ಸುಳ್ಳಾದೀತು. ಮಂಡಿಯೂರಿದ ಕೂಡಲೇ ನೂರು ನೆನಪಾಗುತ್ತವೆ. ಆದರೆ ಬಾಯಿ ತೆರೆಯುವ ಮೊದಲು, ಪಕ್ಕದಲ್ಲಿ ಮಂಡಿಯೂರಿದವರು ಯಾರೆಂದು ಒಮ್ಮೆ ತಿರುಗಿ ನೋಡುತ್ತೇನೆ.