ಫಿಲಿಪ್ಪೀನ್ಸ್ ಬಿಡುಗಡೆಯಾದ ಭಾನುವಾರ

ಮಾಸ್ತರ ಬಲಗೈಯ ಕೊನೆಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಎಂದೋ ಕಾರಿನ ಬಾಗಿಲಿಗೆ ಸಿಕ್ಕಿ ಹಾಗಾಗಿತ್ತಂತೆ. ಆ ಎರಡು ನೆಟ್ಟಗಿನ ಬೆರಳುಗಳಿಂದಲೇ ಅವರು ಮೇಜಿನ ಮೇಲೆ ಶೇಂಗಾ ಬೀಜಗಳನ್ನು ಸರಿಸುತ್ತಿದ್ದರು. ನಡುವೆ ಇದ್ದ ಚುರುಮುರಿಯ ಗುಡ್ಡೆ ಅಮೆರಿಕ. ಅದರ ಪಕ್ಕದ ಒಂದು ಬೀಜ ಕ್ಯೂಬಾ, ಇನ್ನೊಂದು ಪೋರ್ಟೊ ರಿಕೊ. ದೂರದ ಅಂಚಿನಲ್ಲಿ ಒಂಟಿ ಗುವಾಮ್. ಅದರಾಚೆ ಒಂದು ಹಿಡಿ ಬೀಜ ಚೆಲ್ಲಿದರೆ ಫಿಲಿಪ್ಪೀನ್ಸ್.

ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್‌ನಲ್ಲಿರುವ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಡೆಯುತ್ತಿದ್ದ ಪೌರತ್ವ ಪರೀಕ್ಷೆಯ ಕ್ಲಾಸು ಅದು. ಅಲ್ಲಿ ಇರುತ್ತಿದ್ದವರು ನನ್ನ ಅಜ್ಜಿ, ಮಗಳ ಮನೆಯಲ್ಲಿ ನೆಲೆಸಿದ್ದ ಮೈಸೂರಿನ ಅಂಕಲ್, ಅವರ ಹೆಂಡತಿ, ಮತ್ತು ಅಜ್ಜಿಯನ್ನು ಕಾರಿನಲ್ಲಿ ಕರೆತರುತ್ತಿದ್ದ ನಾನು. ಧಾರವಾಡದ ಕಡೆಯವರಾದ ಮಾಸ್ತರು ಶಿಕಾಗೋದಲ್ಲಿ ಓದಿ, ಡೆಟ್ರಾಯಿಟ್ ಪಕ್ಕದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ಊರಿನವರೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದರು. ಅಜ್ಜಿ ಮಾತ್ರ ಮಾಸ್ತರ ಎನ್ನುತ್ತಿದ್ದಳು. ಅವಳಿಂದ ಮಾತು ಕಲಿತ ನನ್ನ ಬಾಯಿಗೂ ಅದೇ ಹತ್ತಿತು.

"ಸರ್, ಪಾಠ ಮುಗಿದ್ಮೇಲೆ ಈ ದ್ವೀಪಗಳನ್ನ ತಿನ್ಬೋದಾ?" ಎಂದು ಮೈಸೂರಿನ ಅಂಕಲ್ ಪ್ರತಿ ವಾರ ಕೇಳುತ್ತಿದ್ದರು.

"ತಿಂದವರ ಕತಿನ ಹೇಳ್ಲಿಕ್ಕತ್ತೀನ್ರಿ. ಸ್ವಲ್ಪ ತಡೀರಿ," ಎನ್ನುತ್ತಿದ್ದರು ಮಾಸ್ತರು.

ಪರೀಕ್ಷೆಗೆ ಬೇಕಾದದ್ದು ಒಂದೊಂದು ಸಾಲಿನ ಉತ್ತರ. ಮಾಸ್ತರಿಗೆ ಅಷ್ಟು ಸಾಲದು. ಪುಸ್ತಕದಲ್ಲಿ ಸ್ಪೇನಿನ ಜೊತೆಗಿನ ಯುದ್ಧ ಎಂದಿದ್ದರೆ, ಆ ಯುದ್ಧ ಯಾಕಾಯಿತು, ಗೆದ್ದ ಮೇಲೆ ದ್ವೀಪದವರ ಪಾಡೇನಾಯಿತು ಎಂದು ಮೂರು ವಾರ ಹೇಳುವರು. ಅಮೆರಿಕದವರು ತಮ್ಮನ್ನು ಸ್ಪೇನಿನಿಂದ ಬಿಡಿಸಲು ಬಂದರು ಎಂದು ಫಿಲಿಪ್ಪೀನ್ಸಿನ ಜನ ನಂಬಿದ್ದು, ಬಂದವರು ಹೋಗದೆ ಉಳಿದದ್ದು, ಮತ್ತೆ ಅವರೊಡನೆಯೇ ಕಾದಾಡಬೇಕಾಗಿ ಬಂದದ್ದು, ಆಮೇಲೆ ಅದೇ ದ್ವೀಪಗಳಿಗೆ ಹಡಗು ತುಂಬ ಇಂಗ್ಲಿಷ್ ಮಾಸ್ತರರು ಇಳಿದದ್ದು. ಅಜ್ಜಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು.

"ಜಗಳಾ ಬಿಡಸಾಕ ಬಂದ ಬೀಗರು ಪಡಸಾಲಿಯೊಳಗ ಹಾಸಗಿ ಹಾಸಿದಂಗ ಆತಲ್ರಿ ಮಾಸ್ತರ," ಎಂದಳು ಒಮ್ಮೆ.

ಮಾಸ್ತರು ಕನ್ನಡಕ ತೆಗೆದು ನಕ್ಕರು. "ಮೂವತ್ತು ವರ್ಷ ಹೇಳೀನ್ರಿ ಅಕ್ಕಾರ, ಹಿಂಗ ಹೇಳ್ಲಿಕ್ಕೆ ಬಂದಿದ್ದಿಲ್ಲ ನನಗ."

ಅವರು ದ್ವೇಷ ಕಲಿಸಲಿಲ್ಲ. ಅದೇ ಕಾಲದಲ್ಲಿ ಶಿಕಾಗೋದ ವಲಸಿಗರ ಕೇರಿಗಳಿಗೆ ಹೋಗಿ ನೆಲೆಸಿದ ಹೆಣ್ಣುಮಕ್ಕಳ ಕತೆಯನ್ನೂ ಅಷ್ಟೇ ಪ್ರೀತಿಯಿಂದ ಹೇಳುತ್ತಿದ್ದರು. ಕಾರ್ಖಾನೆಯಿಂದ ಮಕ್ಕಳನ್ನು ಬಿಡಿಸಿದವರು, ಕೊಳೆತ ಕಸ ಎತ್ತಿಸಲು ನಗರಸಭೆಯ ಬೆನ್ನು ಹತ್ತಿದವರು, ಕೂಸುಗಳಿಗೆ ಕೆಟ್ಟ ಹಾಲು ಮಾರಬಾರದೆಂದು ಹೋರಾಡಿದವರು. ಬಂದವರಿಗೆ ಮೊದಲು ಬಿಸಿ ಸೂಪು, ಆಮೇಲೆ ಅಕ್ಷರವಂತೆ. ಅದಕ್ಕೇ ಮಾಸ್ತರು ಮನೆಯಿಂದ ಥರ್ಮಾಸಿನಲ್ಲಿ ಚಹಾ ತಂದು, ಎಲ್ಲರೂ ಕುಡಿದ ಮೇಲೆಯೇ ಪಾಠ ತೆಗೆಯುತ್ತಿದ್ದರು. "ಒಂದು ಕೈಲೆ ದ್ವೀಪ ಕಸಗೊಂಡ್ರು, ಇನ್ನೊಂದು ಕೈಲೆ ಕೂಸಿನ ಹಾಲು ಕಾಯ್ದ್ರು. ಎರಡೂ ಕೈ ಒಂದ ಮೈಯವು. ಈ ದೇಶದವರು ಆಗೋರು ಎರಡೂ ನೋಡಿ ಆಗ್ರಿ," ಎನ್ನುವುದು ಅವರ ಮಾತು.

ಅಜ್ಜಿಗೆ ಪೌರತ್ವ ಬೇಕಾದದ್ದು ತಂಗಿಗಾಗಿ. ಗದಗಿನಲ್ಲಿದ್ದ ಆ ಸಣ್ಣಜ್ಜಿಗೆ ಲಕ್ವ ಹೊಡೆದಿತ್ತು. ಅವಳಿಗೆ ಮಕ್ಕಳಿಲ್ಲ, ನೆರೆಯ ಹೆಂಗಸೊಬ್ಬಳು ನೋಡಿಕೊಳ್ಳುತ್ತಿದ್ದಳು. ಹೋಗಿ ಕೊನೆಯತನಕ ಅವಳ ಹತ್ತಿರ ಇರಬೇಕು ಎಂಬುದು ಅಜ್ಜಿಯ ಹಟ. ಆದರೆ ಗ್ರೀನ್ ಕಾರ್ಡಿನವರು ಹೊರಗೆ ಅಷ್ಟು ದಿನ ನಿಲ್ಲುವಂತಿಲ್ಲ. ಹಿಂದೊಮ್ಮೆ ಹನ್ನೊಂದು ತಿಂಗಳು ನಿಂತು ಬಂದಿದ್ದಕ್ಕೆ ಏರ್‌ಪೋರ್ಟಿನಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಪರೀಕ್ಷೆ ಮುಗಿಯುವವರೆಗೆ ಎಲ್ಲಿಗೂ ಹೋಗುವುದು ಬೇಡ ಎಂದು ಅಪ್ಪ ಅವಳನ್ನು ಕಟ್ಟಿಹಾಕಿದ್ದ. ಫೋನಿನಲ್ಲಿ ತಂಗಿಯ ಸೊಟ್ಟಗಾದ ಮುಖ ನೋಡುತ್ತ ಅಜ್ಜಿ ದಿನ ಎಣಿಸುತ್ತಿದ್ದಳು.

ಏಪ್ರಿಲ್‌ನಲ್ಲಿ ಸಂದರ್ಶನಕ್ಕೆ ಕರೆ ಬಂತು. ವಯಸ್ಸಾದವಳು, ಬಹಳ ವರ್ಷದಿಂದ ಇಲ್ಲಿದ್ದವಳು ಎಂದು ಅಜ್ಜಿ ಕನ್ನಡದಲ್ಲೇ ಉತ್ತರಿಸಬಹುದಿತ್ತು. ಜೊತೆಗೆ ದುಭಾಷಿಯೊಬ್ಬರು ಬೇಕು. ಮಾಸ್ತರು ತಾವೇ ಬರುತ್ತೇನೆಂದರು. ಡೆಟ್ರಾಯಿಟ್‌ನ ಆಫೀಸಿನ ಹೊರಕೋಣೆಯಲ್ಲಿ ನಾನು ಕೂತೆ, ಅವರಿಬ್ಬರೂ ಒಳಗೆ ಹೋದರು.

ಒಳಗೆ ನಡೆದದ್ದನ್ನು ಇಬ್ಬರೂ ಆಮೇಲೆ ನನಗೆ ಬೇರೆ ಬೇರೆಯಾಗಿ ಹೇಳಿದರು. ಎರಡೂ ಒಂದೇ ಆಗಿದ್ದವು. ಕೇಳಿದ್ದನ್ನು ಕೇಳಿದ ಹಾಗೆ, ಹೇಳಿದ್ದನ್ನು ಹೇಳಿದ ಹಾಗೆ ತಿಳಿಸುತ್ತೇನೆಂದು ಅಧಿಕಾರಿಯ ಮುಂದೆ ಮಾಸ್ತರು ಕೈಯೆತ್ತಿ ಪ್ರಮಾಣ ಮಾಡಿದರು. ಹೆದರಿಕೆಯಲ್ಲಿ ಅಜ್ಜಿ ಕೆಲವು ಉತ್ತರಗಳನ್ನು ತಪ್ಪಿದಳು. ಎಲ್ಲವೂ ಕೊನೆಯ ಒಂದು ಪ್ರಶ್ನೆಯ ಮೇಲೆ ನಿಂತಿತು: ಅಮೆರಿಕದ ಕೈಕೆಳಗಿರುವ, ಆದರೆ ರಾಜ್ಯವಲ್ಲದ ಒಂದು ಪ್ರದೇಶದ ಹೆಸರು ಹೇಳಿ. ಮನೆಯಲ್ಲಿ ನಾನು ಕೇಳಿದಾಗಲೆಲ್ಲ ಅವಳು ಪೋರ್ಟೊ ರಿಕೊ ಎನ್ನುತ್ತಿದ್ದಳು. ಅಂದು ಮುಖ ಅರಳಿಸಿ "ಫಿಲಿಪ್ಪೀನ್ಸ್" ಎಂದುಬಿಟ್ಟಳು.

ಅಧಿಕಾರಿ ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದ, ಅವಳ ಮಾತು ಅವನ ಕಿವಿಗೆ ಬಿದ್ದಂತಿರಲಿಲ್ಲ. ಮಾಸ್ತರು ಆ ಎರಡು ಬೆರಳುಗಳನ್ನು ಮೇಜಿನ ಮೇಲೆ ಊರಿದರಂತೆ. ಆಮೇಲೆ, "ಫಿಲಿಪ್ಪೀನ್ಸ್" ಎಂದರು.

ಅಷ್ಟಕ್ಕೆ ಅಜ್ಜಿ ಫೇಲಾದಳು. ಎರಡು ತಿಂಗಳು ಕಳೆದ ಮೇಲೆ ಇನ್ನೊಂದು ಅವಕಾಶ.

ವಾಪಸು ಬರುವಾಗ ಮೊದಲು ಬಾಯಿ ಬಿಟ್ಟವಳು ಅಜ್ಜಿ. "ಸಣ್ಣದ್ಯಾಕ ಹೇಳೂದು, ದೊಡ್ಡದ ಹೇಳೂಣಂತ ಹೇಳಿದೆ. ಅದನ್ನ ಯಾವಾಗ ಬಿಟ್ಟುಕೊಟ್ರು ಮಾಸ್ತರ?"

"ಎಂಬತ್ತು ವರ್ಷದ ಸನೇಕ ಬಂತ್ರಿ ಅಕ್ಕಾರ."

"ನನಗ ಹೇಳೇ ಇಲ್ಲಲ್ಲ ನೀವು!"

"ಹೇಳೇನ್ರಿ. ಆ ದೊಡ್ಡ ಹಿಮ ಬಿತ್ತಲ್ಲ, ಆ ಭಾನುವಾರ."

ಆ ವಾರ ಡ್ರೈವ್‌ವೇಯಿಂದ ಕಾರು ತೆಗೆಯಲಾಗದೆ ನಾವು ಮನೆಯಲ್ಲೇ ಉಳಿದಿದ್ದೆವು. ಮೈಸೂರಿನ ಅಂಕಲ್ ಮತ್ತು ಆಂಟಿ ನಡೆದುಕೊಂಡು ಹೋಗಿದ್ದರಿಂದ ಕ್ಲಾಸು ನಡೆದಿತ್ತು. ಫಿಲಿಪ್ಪೀನ್ಸ್ ಬಿಡುಗಡೆಯಾದದ್ದು ಅವರಿಬ್ಬರಿಗಷ್ಟೇ ಗೊತ್ತು. ಅಜ್ಜಿಯ ಪಾಲಿಗೆ ಆ ದ್ವೀಪಗಳು ಇನ್ನೂ ಸೆರೆಯಲ್ಲೇ ಇದ್ದವು.

ಸಂಜೆ ಅಪ್ಪ ಕೆಲಸದಿಂದ ಬಂದವನು, ನಮ್ಮಲ್ಲೇ ಉಳಿದಿದ್ದ ಮಾಸ್ತರ ಮುಂದೆ ಶೂ ಕೂಡ ಬಿಚ್ಚದೆ ನಿಂತ. "ಒಂದ ಶಬ್ದ ಅಂಕಲ್. ಆತ ಅದನ್ನ ಕೇಳಿಸಿಕೊಂಡೇ ಇದ್ದಿಲ್ಲಂತ. ಪೋರ್ಟೊ ರಿಕೊ ಅಂದಿದ್ರ ಯಾರಿಗೆ ತಿಳೀತಿತ್ತು?"

"ನನಗ ತಿಳೀತಿತ್ತಲ್ಲಪಾ," ಎಂದರು ಮಾಸ್ತರು. ಧ್ವನಿ ಸಣ್ಣದಾಗಿತ್ತು. "ಮಾತು ಅವರದು. ನಾ ಬರೇ ಹೊತ್ತವ. ಹೊತ್ತ ಗಂಟಿನೊಳಗ ಕೈ ಹಾಕಬಾರದು."

"ನಮ್ಮ ಚಿಕ್ಕವ್ವನ ಹತ್ರ ಎರಡು ತಿಂಗಳು ಅದಾವೋ ಇಲ್ಲೋ, ಅದನ್ನರ ವಿಚಾರ ಮಾಡಿದ್ರೇನು?"

ಮಾಸ್ತರು ಎದ್ದು ಕೋಟು ಹಾಕಿಕೊಂಡರು. ಅಪ್ಪ ಆಮೇಲೆ ಅವರೊಡನೆ ಮಾತು ಬಿಟ್ಟ.

ಆದರೂ ಮಾಸ್ತರು ಮರುದಿನದಿಂದ ದಿನಾ ನಮ್ಮ ಮನೆಗೆ ಬಂದರು, ಅಪ್ಪ ಕೆಲಸಕ್ಕೆ ಹೋದ ಮೇಲೆ. "ಅಕ್ಕಾರ, ಕತಿ ಹೇಳಿ ನಿಮ್ಮನ್ನ ಕೆಡಿಸಿದೆ. ಇನ್ನ ಬರೇ ಉತ್ತರ ಕಲಸ್ತೀನಿ," ಎಂದರು ಮೊದಲ ದಿನ.

"ಕತಿ ಬಿಟ್ರ ನಾ ಪರೀಕ್ಷಾನ ಬಿಡ್ತೇನಿ," ಎಂದಳು ಅಜ್ಜಿ. "ಮೊದಲ ಆ ಹಿಮದ ಭಾನುವಾರದ್ದು ಹೇಳ್ರಿ. ಆ ಮಂದಿ ಹೆಂಗ ಪಾರಾದ್ರು?"

ಎರಡನೆಯ ಸಲವೂ ಜೊತೆಗೆ ಹೋದವರು ಮಾಸ್ತರೇ. ಅಪ್ಪ ಬೇರೆ ಯಾರನ್ನೋ ಗೊತ್ತು ಮಾಡಿದ್ದ. ಅಜ್ಜಿ ಒಪ್ಪಲಿಲ್ಲ. ಪಾಸಾದಳು, ಬಾವುಟ ಹಿಡಿದು ಪ್ರಮಾಣ ಮಾಡಿದಳು. ಅಮೆರಿಕದ ಪಾಸ್‌ಪೋರ್ಟು ಮತ್ತು ಭಾರತದ ವೀಸಾ ಕೈಗೆ ಬಂದ ವಾರವೇ ಗದಗಿಗೆ ಹೊರಟಳು.

ಸಣ್ಣಜ್ಜಿ ಅವಳಿಗೆ ಸಿಕ್ಕಿದ್ದು ಒಂಬತ್ತು ದಿನ.

ಕರ್ಮಾಂತರಗಳನ್ನೆಲ್ಲ ಮುಗಿಸಿ ಅಜ್ಜಿ ಮರಳಿದಾಗ ಏರ್‌ಪೋರ್ಟಿನಿಂದ ನೇರ ಪಕ್ಕದ ನಾರ್ತ್‌ವಿಲ್‌ಗೆ, ಮಾಸ್ತರ ಮನೆಗೆ ನಡೆ ಎಂದಳು. ಅವರು ಆಗ ಹಾಸಿಗೆ ಹಿಡಿದಿದ್ದರು. ಎದೆಯ ಕಾಯಿಲೆ. ಅಜ್ಜಿಯನ್ನು ಕಂಡು ಎದ್ದು ಕೂರಲು ಹೋದರು, ಆಗಲಿಲ್ಲ.

"ಎಷ್ಟು ದಿನ ಸಿಕ್ಕರ್ರಿ ಅಕ್ಕಾರ?"

"ಒಂಬತ್ತು."

ಮಾಸ್ತರು ಕಣ್ಣು ಮುಚ್ಚಿಕೊಂಡರು. "ಆ ಎರಡು ತಿಂಗಳು ಸೇರಿ ಎಪ್ಪತ್ತು ಆಗಬೇಕಿತ್ತು," ಎಂದರು.

ಇಲ್ಲ ಎಂದು ಅಜ್ಜಿ ಹೇಳಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುವ ರೂಢಿ ಅವಳಿಗೂ ಇರಲಿಲ್ಲ. ಅವರ ಆ ಎರಡು ಬೆರಳುಗಳನ್ನು ಹಿಡಿದುಕೊಂಡು, "ಅಕಿಗೆ ಮಾತು ಹೋಗಿತ್ತು, ಕಿವಿ ಇತ್ತು. ಏನ್ ಹೇಳ್ಲಿ ಅಂತ ತಿಳೀಲಿಲ್ಲ. ನಿಮ್ಮ ದ್ವೀಪದ ಕತಿನ ಹೇಳಿದೆ. ಒಂಬತ್ತು ದಿನ ಬಂತು ನೋಡ್ರಿ. ಬಿಡುಗಡೆ ಆತು ಅಂದಾಗ ನನ್ನ ಕೈ ಒತ್ತಿದಳು," ಎಂದಳು.

ಮಾಸ್ತರು ಎರಡು ವಾರಕ್ಕೆ ಹೋದರು. ಅಂತ್ಯದರ್ಶನಕ್ಕೆ ಫ್ಯೂನರಲ್ ಹೋಮಿಗೆ ಅಪ್ಪನೂ ಬಂದ. ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋದ. ನನಗೆ ಕನ್ನಡದ ಅಕ್ಷರ ತಿದ್ದಿಸಿದವರೂ ಮಾಸ್ತರೇ. ಕ್ಲಾಸು ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ ಕಲಿಸಿದರು, ಮನೆಗೆ ಹೋಗುವ ಅವಸರವನ್ನೇ ತೋರಿಸದೆ.

ಆ ಚಳಿಗಾಲದಲ್ಲಿ ಮೈಸೂರಿನ ಅಂಕಲ್‌ಗೆ ಸಂದರ್ಶನಕ್ಕೆ ಕರೆ ಬಂತು. ದುಭಾಷಿ ಯಾರೂ ಸಿಗಲಿಲ್ಲ. ಅಪ್ಪ ತಾನು ಬರುತ್ತೇನೆಂದ. ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಸಂಜೆ ಅಂಕಲ್ ಪೇಡೆ ಹಿಡಿದು ನಮ್ಮ ಮನೆಗೆ ಬಂದರು.

"ಪಾಸಾದೆ ಕಣಮ್ಮಾ," ಎಂದರು ನನಗೆ. "ಮೂರು ತಪ್ಪು ಹೇಳಿದೆ. ನಿಮ್ಮಪ್ಪ ಮೂರನ್ನೂ ಹಾಗ್‌ಹಾಗೇ ಹೇಳ್ಬಿಟ್ರು!"