ಸೋತವರ ಮನೆ ಮುಂದೆ ಇಳಿಯುವ ತಮಟೆ

ಮಗ್ಗೆಯ ಊರಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚೌಡಮ್ಮ ಒಣಹುಲ್ಲಿಗೆ ಕಡ್ಡಿ ಗೀರಿ, ಉರಿಯ ಮೇಲೆ ತಮಟೆಯನ್ನು ಸುತ್ತ ತಿರುಗಿಸುತ್ತಾರೆ. ರಾತ್ರಿಯ ಥಂಡಿಗೆ ಸಡಿಲಾದ ಚರ್ಮ ಬಿಗಿಯಾಗಬೇಕು. ಬೆರಳಲ್ಲೊಮ್ಮೆ ತಟ್ಟಿ, ಕಿವಿಗೊಟ್ಟು, ಊಹೂಂ ಎಂದು ಮತ್ತೆ ಕಾಯಿಸುತ್ತಾರೆ. ರಾಜ್ಯದಲ್ಲಿ ಸರ್ಕಾರ ಬದಲಾಗಿದೆ, ಗೆದ್ದ ಶಾಸಕರಿಗೆ ಇವತ್ತು ಆಲೂರಿನಲ್ಲಿ ಸನ್ಮಾನ. ಹಾರ, ಶಾಲು, ಭಾಷಣ ಎಲ್ಲ ಬೇರೆಯವರ ಪಾಲು. ಆದರೆ ಈಕೆಯ ತಮಟೆ ಕೇಳದೆ ಗೆದ್ದವರಿಗೂ ಗೆದ್ದ ಹಾಗೆ ಅನಿಸುವುದಿಲ್ಲ!

ನಿಮ್ಮದು ಯಾವ ಪಕ್ಷ ಎಂದು ಕೇಳಿದರೆ ಬೊಚ್ಚುಬಾಯಿ ತುಂಬ ನಗುತ್ತಾರೆ. "ಓಟು ನಂದು, ಅದು ಗುಟ್ಟಾಗೈತೆ. ತಮಟೆ ಗೆದ್ದೋರ್ದು ಕಣ್ರೀ."

ಈ ತಮಟೆ ಮೊದಲು ಗಂಡ ಕರಿಯಪ್ಪನವರದು. ಅವರ ಭುಜ ಸೋತಿತು, ಜೊತೆಗಾರರು ಚದುರಿದರು, ಊರಿಗೆ ಡಿಜೆ ಪೆಟ್ಟಿಗೆಗಳು ಬಂದವು. ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದ ಚೌಡಮ್ಮ ಗೋಡೆಗೆ ತೂಗುಹಾಕಿದ್ದ ತಮಟೆ ಇಳಿಸಿ, ಸಂಜೆ ಕೆಲಸ ಮುಗಿದ ಮೇಲೆ ಕೂಲಿಯವರ ಲೈನ್ ಮನೆಯ ಅಂಗಳದಲ್ಲಿ ಹೆಂಗಸರನ್ನು ಸೇರಿಸಿಕೊಂಡು ಕಲಿತರು. ಕಲಿಸಿದವರು ಜಗಲಿಯ ಮೇಲೆ ಕುಳಿತ ಕರಿಯಪ್ಪನವರೇ. ಮೊದಲ ಸಲ ಬೀದಿಗೆ ಬಂದಾಗ ಹೋಟೆಲ್ ಮುಂದಿನ ಗಂಡಸರು, ಪಾತ್ರೆ ಸಾಮಾನು ಬಿದ್ದ ಹಾಗಿದೆ ಎಂದು ಕಿವಿ ಮುಚ್ಚಿಕೊಂಡರಂತೆ. ಆಮೇಲಿನ ಪಂಚಾಯ್ತಿ ಎಲೆಕ್ಷನ್ ಹೊತ್ತಿಗೆ ಅದೇ ಗಂಡಸರು ಟವೆಲ್ ಬೀಸಿಕೊಂಡು ಇವರ ಮುಂದೆ ಕುಣಿಯುತ್ತಿದ್ದರು.

ಕರಿಯಪ್ಪನವರ ಪಾಠದಲ್ಲಿ ಒಂದು ಕಟ್ಟಳೆಯೂ ಇತ್ತು. ಗೆದ್ದವರ ಮೆರವಣಿಗೆ ಸೋತವರ ಮನೆ ಮುಂದೆ ಬಂದಾಗ ತಮಟೆ ಇಳಿಸಬೇಕು, ಕೋಲು ಸೊಂಟಕ್ಕೆ ಸಿಕ್ಕಿಸಬೇಕು, ಸುಮ್ಮನೆ ದಾಟಬೇಕು. "ಬೆಳಗೆದ್ರೆ ಅದೇ ಬೀದೀಲಿ ತಿರುಗ್ಬೇಕು. ಅವ್ರ ಮುಂದೆ ಯಾವ ಮುಖ ಇಟ್ಕೊಂಡು ಹೋಗಾನ ಹೇಳಿ" ಎನ್ನುತ್ತಾರೆ ಚೌಡಮ್ಮ.

ಹೇಳಿದಷ್ಟು ಸುಲಭವಲ್ಲ ಅದು. ಹಿಂದಿನ ವಿಧಾನಸಭಾ ಚುನಾವಣೆಯಲ್ಲಿ ಗೆದ್ದದ್ದು ಊರಿನ ಮುಖಂಡ ಮಹಾದೇವಯ್ಯನವರ ಪಕ್ಷ. ಅಂದು ಎದುರಾಳಿ ಪಕ್ಷದ ಊರ ಮುಖಂಡ ರಾಜಶೇಖರ್ ಮನೆ ಮುಂದೆ ಚೌಡಮ್ಮ ತಮಟೆ ಇಳಿಸಿದರು. ಮಹಾದೇವಯ್ಯ ಕೆಂಡವಾದರು. ಅಲ್ಲಿಂದಾಚೆ ಅವರ ಪಕ್ಷದ ಯಾವ ಸಮಾರಂಭಕ್ಕೂ ಈ ತಂಡಕ್ಕೆ ಕರೆ ಬರಲಿಲ್ಲ, ಹಾಸನದಿಂದ ನಾಸಿಕ್ ಡೋಲಿನವರು ಬಂದರು. ಕೆಲಸವಿಲ್ಲದೆ ತಂಡದ ಹೆಂಗಸರು ಒಬ್ಬೊಬ್ಬರೇ ಬಿಟ್ಟುಹೋದರು. ಉಳಿದವರಲ್ಲಿ ಚೌಡಮ್ಮನ ಬಲಗೈಯಂತಿರುವ ನಾಗರತ್ನಮ್ಮ ಒಬ್ಬರು.

ಈ ಸಲ ಗಾಳಿ ತಿರುಗಿತು. ಹಾಸನದಲ್ಲಿ ಎಣಿಕೆ ಮುಗಿದ ಸಂಜೆ ಮಗ್ಗೆಯ ಬೀದಿಯಲ್ಲಿ ತೆರೆದ ಜೀಪು, ಜೀಪಿನ ಮೇಲೆ ರಾಜಶೇಖರ್, ಮುಂದೆ ತಮಟೆ. ಮೆರವಣಿಗೆ ಮಹಾದೇವಯ್ಯನವರ ಮನೆ ಹತ್ತಿರ ಬಂತು. ಬಾಗಿಲು ಮುಚ್ಚಿತ್ತು. ಇಲ್ಲೇ ನಿಂತು ಬಾರಿಸಬೇಕು, ಬಾಗಿಲು ಅದುರಬೇಕು ಎಂದು ಪಕ್ಷದ ಹುಡುಗರು ಸುತ್ತುವರಿದರು. ಇಷ್ಟು ದಿನ ನಮ್ಮ ಹೊಟ್ಟೆ ಮೇಲೆ ಹೊಡೆದವರಲ್ಲವೇ, ಇವತ್ತೊಂದು ದಿನ ಬಾರಿಸಿಬಿಡೋಣ ಎಂದು ನಾಗರತ್ನಮ್ಮ ಕೂಡ ಕಿವಿಯಲ್ಲಿ ಹೇಳಿದರಂತೆ.

"ಸುಳ್ಳ್ಯಾಕೆ ಹೇಳ್ಲಿ, ನಂಗೂ ಕೈ ತುರಿಸ್ತಿತ್ತು" ಎಂದು ಒಪ್ಪಿಕೊಳ್ಳುತ್ತಾರೆ ಚೌಡಮ್ಮ.

ಆದರೂ ತಮಟೆ ಇಳಿಯಿತು. ಹಾಗಿದ್ದರೆ ಆಲೂರಿನ ಸನ್ಮಾನಕ್ಕೆ ಡಿಜೆ ಹೇಳುತ್ತೇವೆ, ನೀವು ಮನೆಯಲ್ಲಿರಿ ಎಂದು ಹುಡುಗನೊಬ್ಬ ಫೋನ್ ತೆಗೆದ. ಒಂದು ಪಕ್ಷ ಆಗಲೇ ಕೈಬಿಟ್ಟಿತ್ತು, ಇನ್ನೊಂದೂ ಬಿಟ್ಟರೆ ತಂಡವೇ ಮುಗಿಯಿತು. ಚೌಡಮ್ಮ ಹುಡುಗರನ್ನು ಬಿಟ್ಟು ನೇರ ಜೀಪಿನ ಕಡೆ ತಿರುಗಿದರು.

"ರಾಜಶೇಖರಣ್ಣ, ಹೋದ್ಸಲ ನಿಮ್ಮನೆ ಮುಂದೆ ಇಳಿಸ್ದೆ ಅಂತ ಈ ಮನೆಯೋರು ನನ್ನ ಬುಟ್ಬುಟ್ರು. ನೀವೂ ಬೇಕಾರೆ ಬುಡಿ. ಇಲ್ಲಿ ಮಾತ್ರ ನಾನು ಬಾರ್ಸಾಕಿಲ್ಲ."

ಬೇರೆಡೆ ನೋಡುತ್ತಿದ್ದ ರಾಜಶೇಖರ್ ಮುಚ್ಚಿದ ಬಾಗಿಲಿನ ಕಡೆ ತಿರುಗಿದರು. ಹಿಂದಿನ ಸಲ ಅವರೂ ಹೀಗೇ ಬಾಗಿಲ ಹಿಂದೆ ನಿಂತಿದ್ದವರು. ಜೀಪಿನಿಂದ ಇಳಿದರು. ಪಟಾಕಿ, ಘೋಷಣೆ ನಿಲ್ಲಿಸಲು ಹೇಳಿ, ತಾವೇ ಮುಂದಾಗಿ ಆ ಮನೆ ದಾಟಿ ನಡೆದರು. ಹುಡುಗರೂ ತಲೆ ತಗ್ಗಿಸಿ ಹಿಂದೆ ಹೋದರು.

ತಿರುವು ಕಳೆದ ಮೇಲೆ ಎತ್ತಿದರು ನೋಡಿ ತಮಟೆ! ಅಬ್ಬಬ್ಬಾ, ಆವತ್ತು ಬಾರಿಸಿದ ಪರಿಯನ್ನು ಊರು ಇನ್ನೂ ಮರೆತಿಲ್ಲ. ಎದುರಿಗೆ ಬಂದ ಸರ್ಕಾರಿ ಬಸ್ಸಿನ ಡ್ರೈವರು ಹಾರ್ನ್ ಹೊಡೆದು ದಾರಿ ಬಿಡಿಸಿಕೊಳ್ಳುವ ಬದಲು ಬಸ್ಸು ನಿಲ್ಲಿಸಿದರು, ಕಂಡಕ್ಟರು ಇಳಿದು ಕುಣಿದರು. ಆವತ್ತು ಗೆದ್ದವರು ಯಾರೆಂದು ಯಾರಾದರೂ ಕೇಳಿದರೆ ನಾನಂತೂ ಚೌಡಮ್ಮನ ಕಡೆ ಕೈ ತೋರಿಸುತ್ತೇನೆ.

ಇಷ್ಟು ಕೇಳಿ ಬರೆದುಕೊಳ್ಳುತ್ತಿರುವಾಗಲೇ ಕೆರೆ ಏರಿಯ ಕಡೆಯಿಂದ ಬಿಳಿ ಪಂಚೆಯ ಹಿರಿಯರೊಬ್ಬರು ಬರುತ್ತಾರೆ. ಮಹಾದೇವಯ್ಯನವರೇ! ಚೌಡಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. ಅವರು ಉರಿಯನ್ನೇ ನೋಡುತ್ತ, ಮುಂದಿನ ಸಲ ಗೆಲುವು ನಮ್ಮದೇ, ಮೆರವಣಿಗೆಗೆ ನಿನ್ನ ತಂಡವೇ ಬರಬೇಕು, ಈಗಲೇ ಹೇಳಿಟ್ಟಿರುತ್ತೇನೆ ಎನ್ನುತ್ತಾರೆ.

"ಗೆದ್ಕೊಂಡ್ ಬನ್ನಿ ಸ್ವಾಮಿ, ಬಾರ್ಸ್ತೀವಿ" ಎನ್ನುತ್ತಾರೆ ಚೌಡಮ್ಮ. "ಆದ್ರೆ ರಾಜಶೇಖರಣ್ಣನ ಮನೆ ಮುಂದೆ ಇಳಿಸ್ತೀನಿ. ಆಮೇಲೆ ಸಿಟ್ ಮಾಡ್ಕೋಬ್ಯಾಡಿ."

"ಅದ್ಕೇ ಕಣಮ್ಮ ನಿನ್ನ ಹತ್ರ ಬಂದಿರೋದು" ಎನ್ನುತ್ತಾರೆ ಮಹಾದೇವಯ್ಯ.