ಶಾಯಿ ಇಲ್ಲದ ಬೆರಳು

ಮತ ಹಾಕಿದವಳೇ ಅಭ್ಯಾಸಬಲದಿಂದ, ‘ನಾನು ಮತ ಹಾಕಿದೆ’ ಎಂಬ ಸ್ಟಿಕ್ಕರ್ ಕೊಡುತ್ತಿದ್ದ ಹೆಂಗಸಿನ ಮುಂದೆ ಎಡಗೈ ತೋರುಬೆರಳು ಚಾಚಿಬಿಟ್ಟೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ, ನಾವಿರುವ ಕ್ಯಾರಿ ಊರಿನಲ್ಲಿ, ಅಧ್ಯಕ್ಷರ ಆಯ್ಕೆಗೆ ನಾನು ಹಾಕಿದ ಮೊದಲ ಮತ ಅದು. ಹಿಂದೆ ನಿಂತಿದ್ದ ಪಕ್ಕದ ಮನೆಯ ಜಿಮ್ ನಕ್ಕರು. ಯಾರೂ ಎರಡು ಸಲ ಮತ ಹಾಕದಿರಲೆಂದು ನಮ್ಮೂರಲ್ಲಿ ಬೆರಳಿಗೆ ಶಾಯಿ ಹಚ್ಚುತ್ತಾರೆ ಎಂದು ವಿವರಿಸಿದೆ. ಅವರ ನಗು ನಿಂತಿತು.

“ಹಾಗಾದರೆ ಇಲ್ಲೂ ಹಚ್ಚಬೇಕು. ನಿಮ್ಮಂಥವರಿಗೆ ಮಾತ್ರ,” ಎಂದರು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಕೈ ಹಿಡಿದೆಳೆದರು. “ಸುಮ್ನಿರೇ, ಇಲ್ಲಿ ಸೀನ್ ಮಾಡ್ಬೇಡ.”

ಸಂಜೆ ಜಿಮ್, ದೀಪಾವಳಿಗೆ ನಾನು ಚಕ್ಕುಲಿ ತುಂಬಿ ಕೊಟ್ಟಿದ್ದ ಡಬ್ಬಿಯನ್ನು ತೊಳೆದು ತಂದುಕೊಟ್ಟು, ತುಂಬ ಚೆನ್ನಾಗಿತ್ತು ಎಂದರು. ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿದೆ. ಅವರ ಮಾತನ್ನು ಮರೆತರೂ ಮರೆತೇನು, ನನ್ನ ಆ ಥ್ಯಾಂಕ್ಸನ್ನು ಮಾತ್ರ ಕ್ಷಮಿಸಲಾರೆ.